ಮಡಿಕೆ ಅತ್ತೆಯ ಇಪ್ಪತ್ತೆಂಟನೇ ದಿನ

ಬೆಳಗಿನ ಐದೂವರೆ. ವೈದ್ಯಕೀಯ ಕಾಲೇಜಿನ ಹಿಂಭಾಗದಲ್ಲಿ, ಒಗೆದ ಹೊದಿಕೆಗಳನ್ನು ಒಟ್ಟುವ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತ ಹೆಂಗಸಿನ ತುಟಿಯಲ್ಲಿ ಎರಡು ಗುಂಡುಸೂಜಿ, ಮಡಿಲಲ್ಲಿ ಮೊಳದುದ್ದದ ಬಟ್ಟೆಯ ಭ್ರೂಣ. ಇಪ್ಪತ್ತೆಂಟನೇ ದಿನದ ನಿಜವಾದ ಭ್ರೂಣ ಅಕ್ಕಿಕಾಳಿಗಿಂತ ಚಿಕ್ಕದು. ಇವರು ಅದನ್ನು ಬೆರಳಿಗೆ ಸಿಗುವಷ್ಟು ದೊಡ್ಡದಾಗಿ ಹೊಲಿಯುತ್ತಾರೆ. ಈಗ ಬೆನ್ನುದ್ದಕ್ಕೂ ಮಣಿ ಕೂರಿಸುತ್ತಿದ್ದಾರೆ, ಮೂವತ್ತು ಜೊತೆ. ಬೆನ್ನುಮೂಳೆ, ಪಕ್ಕೆಲುಬುಗಳಿಗೆಲ್ಲ ಮೂಲ ಈ ಮಣಿಗಳೇ.

ಹತ್ತು ಗಂಟೆಗೆ ಪರೀಕ್ಷೆ. ಎದುರಿಸುವವಳು ಫಿಸಿಯೋಥೆರಪಿ ಓದುತ್ತಿರುವ ಇಪ್ಪತ್ತು ವರ್ಷದ ಹುಡುಗಿ, ಹುಟ್ಟಿನಿಂದ ಕಣ್ಣು ಕಾಣದವಳು. ಹೋದ ಸಲ ಅವಳ ಕೈಗೆ ಪ್ಲಾಸ್ಟಿಕ್ ಮಾದರಿ ಕೊಟ್ಟಿದ್ದರು. ಅದರಲ್ಲಿ ವಿವರಗಳೆಲ್ಲ ಬರೀ ಬಣ್ಣದಲ್ಲಿ. ಬೆರಳಿಗೆ ಅದೊಂದು ನುಣುಪಾದ ಬದನೆಕಾಯಿ. ಅವಳು ಫೇಲಾದಳು. ಈ ಸಲವೂ ಫೇಲಾದರೆ ಕೋರ್ಸು ಬಿಡಬೇಕು. ಬಟ್ಟೆಯ ಮಾದರಿ ಕೊಡಲು ಪರೀಕ್ಷಕರು ಒಪ್ಪಿದ್ದಾರೆ, ಆದರೆ ಹೊಸದೇ ಆಗಬೇಕಂತೆ. ಹಳೆಯವನ್ನು ತೇಪೆ ಸಮೇತ ಅವಳು ಬಾಯಿಪಾಠ ಮಾಡಿದ್ದಾಳೆ ಎಂಬ ಗುಮಾನಿ. ಅದು ನಿಜವೂ ಹೌದು.

ಬಟ್ಟೆ ಮಡಿಸಿ ಮಡಿಸಿ ಭ್ರೂಣ ಹೊಲಿಯುವ ಇವರನ್ನು ಕಾಲೇಜಿನ ಹುಡುಗಿಯರೆಲ್ಲ ಕರೆಯುವುದು ಮಡಿಕೆ ಅತ್ತೆ ಎಂದು. ಕೆಲಸ ದರ್ಜಿಯದು: ದಿನಕ್ಕೆ ನಲವತ್ತು ಹೊದಿಕೆಗೆ ಅಂಚು, ಹತ್ತು ಹನ್ನೆರಡು ಏಪ್ರನ್ನಿಗೆ ತೇಪೆ. ಹನ್ನೆರಡು ವರ್ಷದ ಹಿಂದೆ ಅಂಗರಚನೆ ಕಲಿಸುವ ಮೇಡಂ ಕೈಯಲ್ಲಿ ಮುದುರಿದ ಕಾಗದ ಹಿಡಿದು ಇಲ್ಲಿಗೆ ಬಂದಿದ್ದರು. ಗರ್ಭದಲ್ಲಿ ಮೂರು ಪದರದ ಚಪ್ಪಟೆ ಬಿಲ್ಲೆಯೊಂದು ಉದ್ದಕ್ಕೂ ಅಡ್ಡಕ್ಕೂ ಮಡಿಚಿಕೊಂಡು ದೇಹವಾಗುತ್ತದೆ, ಕಾಗದದಲ್ಲಿ ತೋರಿಸಲು ಹೋದರೆ ಹರಿಯುತ್ತದೆ ಎಂಬುದು ಅವರ ತಾಪತ್ರಯ.

"ಅಷ್ಟೇನಾ ಅಂದೆ," ಎಂದು ಅತ್ತೆ ನಗುತ್ತಾರೆ. "ಮೇಲ್ಬಟ್ಟೆ, ನಡುವೆ ಕ್ಯಾನ್ವಾಸು, ಒಳಗೆ ಅಸ್ತರು. ಮೇಲಿನದು ಚರ್ಮ, ನರ ಆಗುತ್ತೆ, ಒಳಗಿನದು ಕರುಳು. ಮೂಳೆ ಎಲ್ಲಿಂದ ಅಂತ ಮೇಡಂ ಹೇಳೋಕ್ಮುಂಚೆ ನಾನೇ ಹೇಳ್ದೆ, ಕ್ಯಾನ್ವಾಸಿಂದ ಅಂತ. ಕಾಲರ್ ನೆಟ್ಟಗೆ ನಿಲ್ಲೋದು ಯಾತರಿಂದ ಮತ್ತೆ?"

ಅಲ್ಲಿಂದ ಇಲ್ಲಿಯವರೆಗೆ ನೂರಾ ಐದು ಭ್ರೂಣ. ಮಡಿಲಲ್ಲಿರುವುದು ನೂರಾ ಆರನೆಯದು. ಬೆನ್ನಹುರಿಯ ಹೊಲಿಗೆ ಕತ್ತಿನ ಬಳಿ ಶುರುವಾಗಿ ಎರಡೂ ಕಡೆ ಓಡುತ್ತದೆಂದು ಇವರಿಗೆ ಗೊತ್ತು. ಮನೆಯಲ್ಲಿ ಇದಕ್ಕೆ ಬೆಲೆಯಿಲ್ಲ. ಇಷ್ಟು ವರ್ಷ ಗೊಂಬೆ ಹೊಲಿದು ಒಂದಕ್ಕಾದರೂ ಕಣ್ಣು ಮೂಗು ನೆಟ್ಟಗೆ ಇಟ್ಟಿಲ್ಲ ಎಂದು ಗಂಡನ ಎಂಬತ್ತು ವರ್ಷದ ತಾಯಿ ಈಗಲೂ ಆಡಿಕೊಳ್ಳುತ್ತಾರೆ.

ದಾರ ಕಚ್ಚಿ ತುಂಡರಿಸಿ ಅವರು ಮುಂದಿನ ಮಣಿ ಎತ್ತಿಕೊಳ್ಳುತ್ತಾರೆ. "ಎರಡು ಹೆತ್ತೆ, ಇದೊಂದೂ ಗೊತ್ತಿರ್ಲಿಲ್ಲ. ಇಪ್ಪತ್ತನೇ ದಿನ ಮೊದಲ್ನೇ ಜೊತೆ ಮಣಿ ಮೂಡುತ್ತಂತೆ. ನಾನಾಗ ಮುಟ್ಟು ಯಾಕೋ ತಡ ಆಯ್ತಲ್ಲ ಅಂದ್ಕೊಂಡು ಬಟ್ಟೆ ಹಿಂಡ್ತಿದ್ದಿರ್ಬೇಕು. ಒಳಗೆ ಬೆನ್ನು ಪೋಣಿಸ್ತಾ ಇತ್ತು."

ಒಂಬತ್ತಕ್ಕೇ ಜವಾನ ಬಂದು ಮಾದರಿ ಕೇಳುತ್ತಾನೆ. ಅತ್ತೆ ಒಮ್ಮೆ ಸವರಿ ಕೊಟ್ಟು ಕಳಿಸುತ್ತಾರೆ. ಹತ್ತರ ಹೊತ್ತಿಗೆ ಮೇಜು ಒರೆಸುವಾಗ ಕತ್ತರಿಯ ಕೆಳಗಿಂದ ಹತ್ತಿ ತುಂಬಿದ ಎರಡು ಪುಟ್ಟ ಉಂಡೆಗಳು ಹೊರಬರುತ್ತವೆ. ಕೈಗಳು! ಭ್ರೂಣದಲ್ಲಿ ಕೈಯ ಮೊಗ್ಗು ಮೊದಲು, ಕಾಲಿನದು ಒಂದೆರಡು ದಿನ ಆಮೇಲೆ. ಅತ್ತೆ ಕಾಲು ಹೊಲಿದಿದ್ದಾರೆ, ಕೈ ಬಿಟ್ಟಿದ್ದಾರೆ. "ತೋಳು ಕೊನೆಗೆ ಹಾಕಿ ರೂಢಿ," ಎನ್ನುತ್ತ ಅವರು ಎರಡನ್ನೂ ಬಾಚಿಕೊಳ್ಳುತ್ತಾರೆ. "ರವಿಕೆ ಹೊಲಿಯೋ ಕೈ ನೋಡಿ, ಮೈಯೆಲ್ಲ ಮುಗಿಸಿ ತೋಳು ಪಕ್ಕಕ್ಕಿಟ್ಬಿಟ್ಟೆ."

ಓಡಿದರೂ ಪ್ರಯೋಜನವಾಗುವುದಿಲ್ಲ. ಪರೀಕ್ಷೆಯ ಕೋಣೆಯ ಬಾಗಿಲು ಆಗಲೇ ಹಾಕಿದೆ. ಎರಡು ಉಂಡೆಗಳನ್ನು ಮುಷ್ಟಿಯಲ್ಲಿ ಹಿಡಿದು ಅವರು ಹೊರಗಿನ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಹುಡುಗಿಯ ಓದನ್ನೇ ತಿಂದುಹಾಕಿದೆನಲ್ಲ ಎಂದು ಒಂದೇ ಹಲುಬು.

ಹತ್ತೂಕಾಲಿಗೆ ಮೊದಲು ಹೊರಬರುವುದು ಮೇಡಂ, ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡು. ನಡೆದದ್ದನ್ನು ಅವರೇ ಹೇಳುತ್ತಾರೆ. ಇದು ಎಷ್ಟನೇ ದಿನ ಎಂದು ಪರೀಕ್ಷಕರು ಕೇಳಿದರಂತೆ. ಹುಡುಗಿ ಮಣಿ ಎಣಿಸಿದಳು, ಕಾಲಿನ ಮೊಗ್ಗು ಮುಟ್ಟಿದಳು, ಭುಜದ ಜಾಗಕ್ಕೆ ಮೂರು ಸಲ ಬೆರಳು ತಂದಳು. ಆಮೇಲೆ ಮೆಲ್ಲಗೆ ಹೇಳಿದಳು: "ಹೀಗೊಂದು ದಿನಾನೇ ಇಲ್ಲ ಸರ್. ಮಣಿ, ಕಾಲು ನೋಡಿದ್ರೆ ಇಪ್ಪತ್ತೆಂಟು. ಆದ್ರೆ ಕೈ ಬರದೆ ಕಾಲು ಬರಲ್ಲ. ಅತ್ತೆ ತೋಳು ಹಚ್ಚೋದು ಮರ್ತಿದಾರೆ." ಪರೀಕ್ಷಕರು ತಮ್ಮ ಹಾಳೆ ನೋಡಿದರು, ಭ್ರೂಣ ನೋಡಿದರು. ಹಾಳೆಯಲ್ಲಿ ಇಪ್ಪತ್ತೆಂಟು ಎಂದಷ್ಟೇ ಇತ್ತು. ಅವರೂ ಗಮನಿಸಿರಲಿಲ್ಲ.

ಹುಡುಗಿ ಕೋಲು ತಟ್ಟುತ್ತ ಬಂದು ಅತ್ತೆಯ ಮುಷ್ಟಿ ಬಿಡಿಸಿ ಉಂಡೆಗಳನ್ನು ಎತ್ತಿಕೊಳ್ಳುತ್ತಾಳೆ. ಕಳ್ಳಮಾಲು ಇಲ್ಲಿದೆ ಎಂದು ಛೇಡಿಸುತ್ತಾಳೆ. ಪಾಸಾಗಿದ್ದಾಳೆ.

ಮಧ್ಯಾಹ್ನ ಅದೇ ಕೋಣೆಯಲ್ಲಿ ಅತ್ತೆ ನೂರಾ ಆರನೆಯದಕ್ಕೆ ತೋಳು ಹಚ್ಚುತ್ತಿದ್ದಾರೆ. ಏನಾದರೂ ಆಸೆಯಿದೆಯೇ ಎಂದರೆ ಕತ್ತು ಬಗ್ಗಿಸಿಕೊಂಡೇ ಮಾತಾಡುತ್ತಾರೆ. "ಮೇಡಂ ಒಂದು ವಿಷ್ಯ ಹೇಳಿದ್ರು. ಮೈಯಲ್ಲಿ ಮೊದಲು ಗಟ್ಟಿಯಾಗೋಕೆ ಶುರುವಾಗೋ ಮೂಳೆ ಕೊರಳ ಹತ್ರದ್ದು, ಕಾಲರ್ ಮೂಳೆ. ಆರನೇ ವಾರದಲ್ಲೇ. ಆದ್ರೆ ಕೂಡಿ ಮುಗಿಯೋದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತೈದು ವರ್ಷ ಹಿಡಿಯುತ್ತಂತೆ. ನಮ್ಮ ಹುಡುಗೀಗೆ ಈಗ ಇಪ್ಪತ್ತು. ಅವಳ ಕಾಲರ್ ಹೊಲಿಗೆ ಇನ್ನೂ ನಡೀತಾ ಇದೆ. ಅದು ಮುಗಿಯೋಷ್ಟರಲ್ಲಿ ಅವಳ ಓದೂ ಮುಗೀಲಿ, ಸಾಕು."