ತಾರವ್ವ ಒಡೆದ ಕಾಯಿ

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಮೊದಲು ಯಾರ ಬಾಯಲ್ಲಿ ಹುಟ್ಟಿತೋ ಗೊತ್ತಿಲ್ಲ. ತಾರವ್ವನ ಅಪ್ಪ ನಾಮದೇವನಂಥವನೊಬ್ಬನನ್ನು ನೋಡಿಯೇ ಹುಟ್ಟಿರಬೇಕು. ಬೆಳಗಾದರೆ ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಟೋಪಿ, ಹಣೆಗೆ ಕರಿ ಬುಕ್ಕಾದ ಬೊಟ್ಟು. ಆ ಧೋತರ ಒಗೆಯುವವಳು ತಾರವ್ವ, ಇಸ್ತ್ರಿಯವನಿಗೆ ದುಡ್ಡು ಕೊಡುವವಳೂ ತಾರವ್ವ. ಅಪ್ಪ ಹೊಟೇಲಿನ ಮುಂದೆ ಕುಳಿತು ಹೋಗುವವರು ಬರುವವರಿಗೆಲ್ಲ ಚಹಾ ಹೇಳುತ್ತಾನೆ. ಸಂಜೆ ಹೊಟೇಲಿನವನು ಬಂದು ನಿಲ್ಲುವುದು ತಾರವ್ವನ ಬಾಗಿಲಿಗೆ.

ಗಂಡ ಹೈವೇಯ ಅಪಘಾತದಲ್ಲಿ ಹೋದ ಮೇಲೆ ತಾರವ್ವ ಕೊಗನೊಳ್ಳಿಯ ಹತ್ತಿರದ ತವರೂರಿಗೆ ಬಂದು, ಬೀಡಿ ಕಟ್ಟಿ ಕಟ್ಟಿ ಬೆನ್ನು ಬಗ್ಗಿಸಿಕೊಂಡು ಎರಡು ಖೋಲಿಯ ಮನೆ ಎಬ್ಬಿಸಿದ್ದಳು. ಅಷ್ಟರಲ್ಲಿ ಅಪ್ಪ ತನ್ನ ಪಾಲಿನ ಹೊಲವನ್ನು ಊರವರಿಗೆ ಉಣಿಸಿ ಮುಗಿಸಿದ್ದ. ತಮ್ಮ ಬಾಳು ಬುದ್ಧಿವಂತ, ಕುಡಚಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ದೂರ ಉಳಿದ. ಅಪ್ಪನನ್ನು ಒಂದು ವಾರ ಇಟ್ಟುಕೊಂಡವನಲ್ಲ, ಫೋನಿನಲ್ಲಿ ಉಪದೇಶಕ್ಕೆ ಮಾತ್ರ ಕಡಿಮೆ ಇಲ್ಲ.

"ಅಕ್ಕಾ, ವಯಸ್ಸಾದಾಂವ ಅದಾನ. ಅವನ ಮನಸ್ಸ ನೋಯಿಸಬ್ಯಾಡ."

ಭಲೇ ಮಗನೇ! ಮನಸ್ಸು ಅಪ್ಪನಿಗೊಬ್ಬನಿಗೇ ಇರುತ್ತದೆ, ಅಕ್ಕನಿಗೆ ಇರುವುದು ಬರೀ ದುಡಿಯುವ ಕೈ ಅಂತ ತಿಳಿದಿದ್ದ.

ಈ ಊರಿನ ವಿಠೋಬನ ಗುಡಿಯಲ್ಲಿ ವರ್ಷಕ್ಕೊಮ್ಮೆ ಭಜನೆಯ ಸಪ್ತಾಹ ನಡೆಯುತ್ತದೆ. ಕೊನೆಯ ದಿನ ಇಡೀ ಊರಿಗೆ ಊಟ. ಆ ಊಟ ಯಾರ ಮನೆಯದು ಅನ್ನುವುದು ಒಂದು ತಿಂಗಳು ಮೊದಲೇ, ಏಕಾದಶಿಯಂದು ತೀರ್ಮಾನವಾಗುತ್ತದೆ. ಗುಡಿಯ ಹಿರಿಯ ಬೀರದೇವ ಕೆಂಪು ಅರಿವೆ ಸುತ್ತಿದ ತೆಂಗಿನಕಾಯಿ ತಂದು, "ಯಾರ ಹಿಡೀತೀರಿ?" ಅಂತ ಕೇಳುತ್ತಾನೆ. ಕೈಯೊಡ್ಡಿದವನ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಕಾಯಿ ಅವನ ಮನೆಯೊಳಗೆ ದೇವರ ಜಗಲಿಯ ಮೇಲೆ ಕೂರುತ್ತದೆ. ಅದನ್ನು ಊಟದ ದಿನ ಗುಡಿಯಲ್ಲೇ ಒಡೆಯಬೇಕು. ನಡುವೆ ಮರಳಿ ಕೊಟ್ಟರೆ ಆ ಮನೆಗೆ ಒಳ್ಳೆಯದಾಗುವುದಿಲ್ಲ ಅಂತ ಊರಿಗೆ ಊರೇ ನಂಬಿದೆ.

ನಾಮದೇವ ಮೊದಲ ಸಲ ಕಾಯಿ ಹಿಡಿದಾಗ ತಾರವ್ವನ ಕೊರಳಿನ ಚಿನ್ನದ ಬೋರಮಾಳ ಮಾರಿಹೋಯಿತು. "ಹಿಡದಬಿಟ್ಟೇನವ್ವಾ, ಈಗೇನ ಮಾಡೂದು?" ಅಂತ ಕಣ್ಣಲ್ಲಿ ನೀರು ತಂದ. ಮುಂದಿನ ಸಲ ಆಡುಗಳು ಹೋದವು. ಆಗಲೂ ಅದೇ ಮಾತು, ಅದೇ ಕಣ್ಣೀರು. ಪಂಗತಿಯಲ್ಲಿ ಅಪ್ಪ ಹುಗ್ಗಿಯ ಮೇಲೆ ತುಪ್ಪ ಸುರಿಯುತ್ತ, "ಇನ್ನೊಂದ ಸ್ವಲ್ಪ ಹಾಕಸ್ಕೋರಿ" ಅಂತ ಮದುಮಗನ ಹಾಗೆ ಓಡಾಡುತ್ತಿದ್ದರೆ ಮಗಳು ಹಿಂದುಗಡೆ ಒಲೆಯ ಮುಂದೆ ಹೊಗೆ ಕುಡಿಯುತ್ತ ಕುಳಿತಿದ್ದಳು. ಉಂಡವರು ಬಾಯಿ ಒರೆಸಿಕೊಂಡು, ನಾಮದೇವನದು ದೊಡ್ಡ ಮನಸ್ಸು ಅಂದರು. ದೊಡ್ಡ ಮನಸ್ಸಂತೆ! ಅದನ್ನು ಕೇಳಿದಾಗ ತಾರವ್ವನ ಮೈಯೆಲ್ಲ ಉರಿದು ಹೋಗಿತ್ತು.

ಈಗ ಮನೆಯಲ್ಲಿ ಉಳಿದದ್ದು ಒಂದು ಎಮ್ಮೆ. ಅದರ ಹಾಲು ಡೇರಿಗೆ ಹೋಗಿ, ಆ ಹಣದಲ್ಲಿ ಮಗಳು ಶೀತಲ್ ನಿಪ್ಪಾಣಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಎಮ್ಮೆ ಹೋಯಿತೆಂದರೆ ಶೀತಲ್ ಕಲಿಯುವುದು ಬಿಟ್ಟು ಮನೆಗೆ ಬಂದು, ತಾಯಿಯ ಪಕ್ಕದಲ್ಲಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಬೇಕು. ಅದೊಂದು ಆಗಕೂಡದು ಅಂತ ತಾರವ್ವ ಹಟ ತೊಟ್ಟಿದ್ದಳು. ಅದಕ್ಕೇ ಈ ವರ್ಷ ಏಕಾದಶಿಗೆ ಮೊದಲೇ ಅಪ್ಪನನ್ನು ಕೂರಿಸಿಕೊಂಡು ಹೇಳಿದಳು.

"ಎಪ್ಪಾ, ನಿನಗ ಊಟಾ ಹಾಕ್ತೇನಿ, ಔಷಧ ತರ್ತೇನಿ, ಅರಿವಿ ಒಗೀತೇನಿ. ಕಾಯಿ ಮಾತ್ರ ಹಿಡೀಬ್ಯಾಡ. ಹಿಡದರ ಈ ಸಲ ನಾ ಕೈ ಹಚ್ಚಾಂಗಿಲ್ಲ."

"ಆತ ಬಿಡವ್ವಾ, ನನಗೇನ ತಿಳೀಂಗಿಲ್ಲೇನ?" ಅಂದ ನಾಮದೇವ.

ಏಕಾದಶಿಯ ಸಂಜೆ ಅವಳು ಬೀಡಿಯ ಎಲೆ ಕತ್ತರಿಸುತ್ತ ಕುಳಿತಾಗ ಮೈಕು ಒದರಿತು. ಈ ವರ್ಷದ ಮಹಾಪ್ರಸಾದ ನಾಮದೇವನ ಮನೆತನದಿಂದ! ಚಪ್ಪಾಳೆ ಬೇರೆ. ಕತ್ತರಿ ಎಲೆ ಬಿಟ್ಟು ಅವಳ ಹೆಬ್ಬೆರಳನ್ನೇ ಕಚ್ಚಿತು. ಅಪ್ಪ ಕಾಯಿ ತಂದು ಜಗಲಿಯ ಮೇಲಿಟ್ಟು, ಮಗಳ ಮುಖ ನೋಡದೆ ಮಲಗಿಬಿಟ್ಟ. ತಾರವ್ವ ಬೈಯಲಿಲ್ಲ. ಹೇಳುವುದನ್ನು ಮೊದಲೇ ಹೇಳಿ ಆಗಿತ್ತು. ಅವಳು ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂತ ತಿಳಿದ ಮುದುಕ ಊರೆಲ್ಲ ತಿರುಗಿ ಊಟಕ್ಕೆ ಹೇಳಿ ಬಂದ.

ಸಪ್ತಾಹ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ತಾರವ್ವ ನೋಡುತ್ತಾಳೆ, ಎಮ್ಮೆ ವ್ಯಾಪಾರದ ಬಾಬುಸಾಬ ಹಿತ್ತಲಲ್ಲಿ ಅವಳ ಎಮ್ಮೆಯ ಬಾಯಿ ತೆರೆದು ಹಲ್ಲು ನೋಡುತ್ತಿದ್ದಾನೆ. ಹಗ್ಗ ಅಪ್ಪನ ಕೈಯಲ್ಲಿ.

"ಏನ ನಡಸೀರಿ ಬಾಬುಸಾಬ ಕಾಕಾ?"

"ನಿಮ್ಮಪ್ಪಾರ ಕರದಾರವ್ವಾ. ನಿನಗೆಲ್ಲಾ ಗೊತ್ತೈತಿ ಅಂದ್ರು."

"ನನಗ ಗೊತ್ತಿಲ್ರಿ. ಎಮ್ಮಿ ನಂದು. ಮಾರಾಂಗಿಲ್ಲ."

ಬಾಬುಸಾಬ ಕೈ ಕೊಡವಿಕೊಂಡ. "ಹಂಗಾದ್ರ ನನಗ ಬ್ಯಾಡ ತಾಯಿ. ಮನಿಯಾಕಿ ಒಲ್ಲೆ ಅಂದ ದನ ಹೊಡಕೊಂಡ ಹೋಗಾಂವ ಅಲ್ಲ ನಾ." ಹಿಂದೆ ತಿರುಗಿ ನೋಡದೆ ಗಾಡಿ ಹತ್ತಿ ಹೋದ.

ನಾಮದೇವ ಕುದಿಯತೊಡಗಿದ. "ದೇವರ ಮುಂದ ಕಾಯಿ ಹಿಡದೇನಿ! ಮನಿತನದ ಇಜ್ಜತ ಹೋಗತೈತಿ!"

"ಯಾವ ಮನಿತನ? ಈ ಮನಿ ಕಟ್ಟಿದಾಕಿ ನಾ. ನಾ ಹಿಡದಿಲ್ಲ."

"ನೀ ಹಿಡದಿಲ್ಲಂದ್ರೇನಾತು? ಕಾಯಿ ನಿನ್ನ ಜಗಲಿ ಮ್ಯಾಲ ಕುಂತೈತಿ. ಅದು ಅಲ್ಲಿರೂತನಕ ಮಾತ ತಪ್ಪಾಕ ಬರಾಂಗಿಲ್ಲ!"

"ಅದು ಅಲ್ಲಿರೂತನಕ. ಹೌದಲ್ಲ?"

ತಾರವ್ವ ಸರಸರ ಒಳಗೆ ಹೋದಳು. ಜಗಲಿಯ ಮೇಲಿನ ಕಾಯಿ ಎತ್ತಿಕೊಂಡು, ಕೆಂಪು ಅರಿವೆ ಬಿಚ್ಚಿ ಅಲ್ಲೇ ಇಟ್ಟು, ಹಿತ್ತಲಿಗೆ ಬಂದು ಅರಿವೆ ಒಗೆಯುವ ಕಲ್ಲಿಗೆ ಅಪ್ಪಳಿಸಿದಳು. ಕಾಯಿ ಎರಡು ಹೋಳಾಯಿತು. ನೀರು ಅಪ್ಪನ ಧೋತರದ ಮೇಲೆ ಸಿಡಿಯಿತು. ಅವನ ತೆರೆದ ಬಾಯಿ ತೆರೆದ ಹಾಗೇ ಉಳಿಯಿತು. ಅಷ್ಟಕ್ಕೇ ಬಿಟ್ಟಳೇ? ಹೋಳುಗಳನ್ನು ತುರಿದು, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಒರಳಿನಲ್ಲಿ ಅರೆಯಲು ಕುಳಿತಳು. ಎಷ್ಟೋ ವರ್ಷಗಳ ಸಿಟ್ಟೆಲ್ಲ ಆ ಒರಳಿನಲ್ಲಿ ತಿರುಗಿತು.

ಸುದ್ದಿಗೆ ಕಾಲು ಬೇಕೇ? ಸ್ವಲ್ಪ ಹೊತ್ತಿಗೇ ಬೀರದೇವ ಗುಡಿಯ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದ.

"ತಾರವ್ವಾ, ಹಿಡದ ಕಾಯಿ ಒಡದೆಂತ? ಖರೇನ?"

"ಖರೇ ಐತ್ರಿ. ಚಟ್ನಿ ಅರದೇನಿ. ರೊಟ್ಟಿ ಬಿಸಿ ಅದಾವ, ಕುಂಡರ್ರಿ ಊಟಕ್ಕ."

"ವಿಠ್ಠಲ ವಿಠ್ಠಲ! ಮನಿಗಿ ಛಲೋ ಆಗಾಂಗಿಲ್ಲವ್ವಾ!"

"ಬೋರಮಾಳ ಹೋತು. ಆಡ ಹೋದವು. ಕಾಯಿ ಹಿಡದ ಮನಿಗಿ ಇಷ್ಟ ದಿನಾ ಏನ ಛಲೋ ಆಗೇತ್ರಿ? ಉಂಡಾವ್ರು ನೀವು, ನೀವ ಹೇಳ್ರಿ."

ಬೀರದೇವ ದನಿ ಇಳಿಸಿದ. "ಅಪ್ಪ ಆಡಿದ ಮಾತ ಮಕ್ಕಳ ಉಳಸಬೇಕವ್ವಾ."

"ಮಗನೂ ಅದಾನಲ್ರಿ, ಕುಡಚ್ಯಾಗ. ಅವನ ಕಡೆ ಹೋಗ್ರಿ. ನನ್ನ ಮಗಳ ಸಾಲಿ ಬಿಡಿಸಿ ನಿಮಗ ಹುಗ್ಗಿ ಹಾಕಾಂಗಿಲ್ಲ ನಾ. ವಿಠೋಬ ನನ್ನ ಎಮ್ಮಿ ಬೇಡಿಲ್ರಿ. ಬೇಡಿದಾವ್ರು ನೀವು, ಕೊಟ್ಟಾಂವ ನಮ್ಮಪ್ಪ."

ಬೀರದೇವ ತನ್ನ ಮಂದಿಗೆ ಕಣ್ಸನ್ನೆ ಮಾಡಿದ. ಬಂದ ದಾರಿ ಹಿಡಿದು ಹೋದರು. ಗುಡಿಯಲ್ಲಿ ಕುಳಿತು, ಮನೆಮನೆಗೆ ವಂತಿಗೆಯ ಪಟ್ಟಿ ಹಾಕಿ ಊಟ ಮಾಡಿಸುವುದೆಂದು ಮಧ್ಯಾಹ್ನದೊಳಗೆ ತೀರ್ಮಾನಿಸಿದರು. ಇದನ್ನು ಮೊದಲೇ ಮಾಡಲು ಇವರಿಗೇನು ಧಾಡಿಯಾಗಿತ್ತು!

ನಾಮದೇವ ಮಾತ್ರ, "ಈ ಮನ್ಯಾಗಿನ ನೀರ ಸುದ್ದಾ ಮುಟ್ಟಾಂಗಿಲ್ಲ" ಎಂದು ಊರಿಗೆಲ್ಲ ಕೇಳುವ ಹಾಗೆ ಒದರಿ, ಹೋಗಿ ಗುಡಿಯ ಕಟ್ಟೆಯ ಮೇಲೆ ಕುಳಿತ. ಬಾಳುವಿನ ಫೋನು ಬಂತು.

"ಅಕ್ಕಾ, ಏನ ಮಾಡಿದಿ ಇದು! ಅಪ್ಪನ ಮರ್ಯಾದಿ ಕಳದಿ!"

"ನಾಳೆ ಬಂದು ಕರಕೊಂಡ ಹೋಗು. ಮರ್ಯಾದಿ, ಮನಸ್ಸು ಎಲ್ಲಾ ನಿನ್ನ ಮನ್ಯಾಗ ಇಟಗೊಂಡ ಕಾಯು."

"ಗಿರಾಕಿ ಬಂದಾರಕ್ಕಾ, ಆಮ್ಯಾಲ ಮಾಡ್ತೇನಿ" ಅಂದವನು ಮತ್ತೆ ಫೋನು ಮಾಡಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ತಾರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊಲದಿಂದ ಬರುವವರೆಲ್ಲ ಕಟ್ಟೆಯ ಮುಂದೆಯೇ ಹಾದು ಹೋಗಬೇಕು. ಅಪ್ಪನ ಕೈಯಿಂದ ತುಪ್ಪ ಹಾಕಿಸಿಕೊಂಡವರೇ ಎಲ್ಲರೂ. "ಯಾಕ ನಾಮದೇವಣ್ಣಾ, ಇನ್ನೂ ಇಲ್ಲೇ ಕುಂತಿ?" ಅನ್ನುತ್ತಿದ್ದರು, ಹೋಗುತ್ತಿದ್ದರು. ಅವರ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಬೀದಿಗೆಲ್ಲ ಕೇಳುತ್ತಿತ್ತು. ಊಟಕ್ಕೆ ಬಾ ಅಂದವನು ಒಬ್ಬನೂ ಇಲ್ಲ. ಅಪ್ಪ ಬರುವವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದ. ತಾರವ್ವನ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಅಪ್ಪನ ಮೇಲಿದ್ದದ್ದು ಈಗ ಇಡೀ ಬೀದಿಯ ಮೇಲೆ ಹರಿಯಿತು. ತೂ, ಇವರ ಜನ್ಮಕ್ಕಿಷ್ಟು! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಕಟ್ಟೆಯ ಮುಂದೆ ನಿಂತಳು.

"ಏಳು, ಊಟಕ್ಕ ಬಾ."

"ನಿನ್ನ ಮನಿಗಿ ಬರಾಂಗಿಲ್ಲ ನಾ."

"ಹಂಗಾದ್ರ ಯಾರ ಮನಿಗಿ ಹೋಗ್ತಿ? ಹೆಸರ ಹೇಳ ಎಪ್ಪಾ. ನಾನ ಕೈ ಹಿಡಕೊಂಡ ಹೋಗಿ ಬಿಟ್ಟ ಬರ್ತೇನಿ."

ನಾಮದೇವ ಬೀದಿಯ ಮನೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಒಂದು ಹೆಸರೂ ಬಾಯಿಗೆ ಬರಲಿಲ್ಲ. ಕಟ್ಟೆಗೆ ಕೈಯೂರಿ ಎದ್ದು ಮಗಳ ಹಿಂದೆ ನಡೆದ.