ಕೊಂಡಾಪುರದಲ್ಲಿ ಹರಿದ ಭೀಮೆ

ಒದ್ದೆ ಮರಳಿನ ವಾಸನೆ ಬಂದರೆ ಸಾಕು, ನನಗೆ ಹಸಿವಾಗುತ್ತದೆ. ನಗಬೇಡಿ. ಒಗ್ಗರಣೆಯ ವಾಸನೆಗೆ ನಿಮಗೆ ನಿಮ್ಮ ಹಳೆಯ ಮನೆ ಕಾಣುವುದಿಲ್ಲವೇ, ಹಾಗೆಯೇ ಇದು. ನಮ್ಮ ಮನೆ ಎಂದರೆ ಹೈದರಾಬಾದಿನ ಕೊಂಡಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟೊಂದರ ಬುಡದ ತಗಡಿನ ಶೆಡ್ಡು. ಅದರ ಅಂಗಳ ಎಂದರೆ ಲಾರಿಗಳು ಸುರಿದು ಹೋಗುತ್ತಿದ್ದ ಮರಳಿನ ಗುಡ್ಡೆ. ಅದರ ಮಗ್ಗುಲಲ್ಲೇ ಅವ್ವ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಕಂಪ್ಯೂಟರ್ ಕಂಪನಿಗಳು ಊರ ತುಂಬ ಗಾಜು ಹೊದ್ದು ನಿಲ್ಲುತ್ತಿದ್ದ ಕಾಲ. ಅವುಗಳ ನೌಕರರಿಗೆ ಮನೆ ಕಟ್ಟಲು ಕಲಬುರಗಿ ಕಡೆಯಿಂದ ಬಂದವರು ನಾವು.

ಅಪ್ಪನ ತಾಯಿಯನ್ನು ಆಯಿ ಎನ್ನುತ್ತಿದ್ದೆವು. ಭೀಮಾ ನದಿಯ ದಂಡೆಯವಳು. ನದಿ ಅವಳ ಹೊಲವನ್ನು ವರ್ಷಕ್ಕಿಷ್ಟು ಕೊರೆದು, ಕೊನೆಗೆ ಪೂರಾ ಒಯ್ದ ಮೇಲೆ ಮಗನ ಹಿಂದೆ ಹೈದರಾಬಾದಿಗೆ ಬಂದಿದ್ದಳು. ಗೋಡೆಯ ಗಿಲಾವಿಗೆ ಬೇಕಾದ ಸಣ್ಣ ಮರಳನ್ನು ಜರಡಿ ಹಿಡಿಯುವುದು ಅವಳ ಕೆಲಸ. ನಾನೋ, ಓದಿನಲ್ಲಿ ದಡ್ಡ, ಅಣಕಿಸುವುದರಲ್ಲಿ ಜಾಣ. ಲಾರಿಯ ಹಾರ್ನು, ಆಯಿಯ ಕೆಮ್ಮು, ಅಪ್ಪನ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ನನ್ನ ಅಳುವನ್ನೇ ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದೆನೆಂದರೆ, ಪೆಟ್ಟು ತಿಂದು ನಿಜವಾಗಿ ಅತ್ತಾಗ ಯಾರೂ ನಂಬುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಆಯಿಯ ಬಲರಟ್ಟೆ ಹಿಡಿದುಕೊಂಡಿತು. ಸಲಿಕೆ ಎತ್ತಿದರೆ ಕಣ್ಣಲ್ಲಿ ನೀರು. ಮೇಸ್ತ್ರಿ ನರಸಿಂಹುಲು ಎರಡು ದಿನ ಸುಮ್ಮನಿದ್ದ, ಮೂರನೆಯ ದಿನ ತೆಲುಗು, ಹಿಂದಿ, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿದ: “ಏ ಆಯಮ್ಮಾ, ನಾಳಿ ಸಂಜಿಯೊಳಗ ಸಣ್ಣ ಉಸುಕು ಚಾಹಿಯೇ. ಲೇಕಪೋತೇ, ಇಲ್ಲಾಂದ್ರ, ಬಸ್ಸು ಹತ್ತು, ಊರಿಗಿ ನಡಿ!” ಕೆಲಸ ಮಾಡದವರಿಗೆ ಶೆಡ್ಡಿನಲ್ಲಿ ಜಾಗವಿರಲಿಲ್ಲ. ಊರಿನಲ್ಲಿ ಆಯಿಗೆ ಹೊಲವೂ ಇರಲಿಲ್ಲ, ಒಂದು ಲೋಟ ನೀರು ಕೊಡುವವರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಇಟ್ಟಿಗೆಗೆ ನೀರು ಬಿಡೆಂದು ಅವ್ವ ನನ್ನ ಕೈಗೆ ಪೈಪು ಕೊಟ್ಟಳು. ಬುಟ್ಟಿ ಹೊರುವ ಹೆಂಗಸರು ಊಟಕ್ಕೆ ಕೂತಿದ್ದರು. ನೋಡುವವರು ಸಿಕ್ಕರೆ ನಾನು ಬಿಡುತ್ತೇನೆಯೇ? ಪೈಪನ್ನು ಮರಳಿನ ಗುಡ್ಡೆಯ ನೆತ್ತಿಗೆ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿ, “ಲೇಕಪೋತೇ ಬಸ್ಸು ಹತ್ತು!” ಎಂದು ಶುರು ಮಾಡಿದೆ. ನಗು ಏರಿತು, ಏರಿತು, ಥಟ್ಟನೆ ನಿಂತಿತು. ತಿರುಗಿದರೆ ಮೇಸ್ತ್ರಿ. ಅವನ ಹಿಂದೆ ಗುಡ್ಡೆ ಅರ್ಧ ಇರಲಿಲ್ಲ. ನೀರು ಅದರ ನಡು ಸೀಳಿ, ಕಮರಿ ಕೊರೆದು, ಮರಳನ್ನೆಲ್ಲ ಇಳಿಜಾರಿಗೆ ಹೊತ್ತೊಯ್ದಿತ್ತು. “ಅಯಿಪೋಯಿಂದಿ, ಎಲ್ಲಾ ಹೋಯ್ತು!” ಎಂದು ಅವನು ತಲೆಯ ಮೇಲೆ ಕೈ ಹೊತ್ತ. ಆಯಿಯನ್ನು ಬಸ್ಸು ಹತ್ತಿಸಿದವನು ನಾನೇ ಎನಿಸಿ ಅಳು ಬಂತು. ಯಾರೂ ನಂಬಲಿಲ್ಲ.

ಆಯಿ ಬೈಯಲಿಲ್ಲ. ನೀರಿನ ಜಾಡು ಹಿಡಿದು ಬರಿಗಾಲಲ್ಲಿ ಮೇಲಿನಿಂದ ಕೆಳಕ್ಕೆ ನಡೆದಳು. ಕಮರಿಯ ಬಾಯಲ್ಲಿ ಹರಳು ಉಳಿದಿದ್ದವು. ಅದರಾಚೆ ದಪ್ಪ ಮರಳು. ನೆಲ ಮಟ್ಟಸವಾದಲ್ಲಿ ಬೀಸಣಿಗೆಯಂತೆ ಹರಡಿಕೊಂಡು ನುಣ್ಣನೆಯದು. ಅಲ್ಲಿ ಕೂತು ಒಂದು ಹಿಡಿ ಎತ್ತಿದಳು.

“ಕೈ ಹಚ್ಚಿ ನೋಡ್ರಿ ಮೇಸ್ತ್ರಿ. ನೀರು ಓಡೋ ಮುಂದ ಎಲ್ಲಾ ಹೊತ್ಕೊಂಡು ಓಡ್ತದ. ದಣದ್ರ ಮೊದಲ ಹರಳು ಇಳಸ್ತದ, ಆಮ್ಯಾಲ ದಪ್ಪಂದು, ಕಡೀಕ ಸಣ್ಣಂದು. ನಮ್ಮ ಭೀಮಾ ನನ್ನ ಹೊಲ ಒಯ್ದು ಆಚಿ ದಂಡ್ಯಾಗ ಹಿಂಗೇ ಹರವ್ಯಾಳ. ಅಲ್ಲಿ ಮಂದಿ ಕಲ್ಲಂಗಡಿ ಬೆಳೀತಾರ.”

“ನಿಮಗ ಹೊಟ್ಟಿಕಿಚ್ಚು ಆಗಲಿಲ್ಲೇನ್ರಿ ಅತ್ತಿ?” ಎಂದಳು ಅವ್ವ.

“ಆಯ್ತು. ಆಮ್ಯಾಲ ಒಂದು ಹಣ್ಣು ತಿಂದೆ. ಭಾಳ ಛಲೋ ಇತ್ತು.”

ಮೇಸ್ತ್ರಿ ಆ ಮರಳನ್ನು ಬಾಂಡಲಿಯಲ್ಲಿ ತುಂಬಿಸಿ ಮೂರನೆಯ ಮಹಡಿಯ ಗಿಲಾವಿನವನಿಗೆ ಕಳಿಸಿ, ತಾನೂ ಹತ್ತಿ ಹೋದ. ನಾವು ಕೆಳಗೆ ಕತ್ತೆತ್ತಿ ನಿಂತೆವು. ಇಳಿದು ಬಂದವನು, “ಆಯಮ್ಮಾ, ಇನ್ನು ಜರಡಿ ನಕ್ಕೋ, ಬ್ಯಾಡ, ಪೈಪು ಹಿಡಿ” ಎಂದ. ನನ್ನ ಕಡೆ ತಿರುಗಿ, “ತೂ ಇಧರ್ ಆ. ಇನ್ನೊಂದ್ಸಲ ನನ್ನ ದನಿ ತೆಗಿ, ಚೂದ್ದಾಂ, ನೋಡೋಣ!” ಎಂದ. ಆ ದಿನ ಮಾತ್ರ ನನಗೆ ದನಿಯೇ ಹೊರಡಲಿಲ್ಲ.

ಅಂದಿನಿಂದ ಇಳಿಜಾರಿಗೆ ತಾಡಪತ್ರಿ ಹಾಸಿ, ಇಟ್ಟಿಗೆಯ ಮೇಲೆ ಕೂತು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಆಯಿ ನೀರಿಗೆ ನಡಿಗೆ ಕಲಿಸುತ್ತಿದ್ದಳು. ಆ ಕಟ್ಟಡ ಮುಗಿಯಿತು, ಶೆಡ್ಡು ಬಿಚ್ಚಿದರು. ಮುಂದಿನ ಸೈಟು, ಮತ್ತೂ ಮುಂದಿನದು. ಕೊನೆಯವರೆಗೂ ಆಯಿ ನಮ್ಮ ಜೊತೆಗೇ ಇದ್ದಳು. ಈಗ ಅವಳಿಲ್ಲ. ನಾವು ಉಂಡು ಮಲಗಿದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ.

ಹೋದ ತಿಂಗಳು ಅದೇ ಕಟ್ಟಡದ ಮೂರನೆಯ ಮಹಡಿಗೆ ಹೋಗಿದ್ದೆ. ಉಡುಪಿಯ ಗೆಳೆಯನೊಬ್ಬ ಅಲ್ಲಿ ಬಾಡಿಗೆಗಿದ್ದಾನೆ. ಅವನ ವರ್ಷದ ಮಗಳು ಗೋಡೆಗೆ ಅಂಗೈ ಊರಿ ನಡೆಯಲು ಕಲಿಯುತ್ತಿದ್ದಳು. ಅವಳ ಪಕ್ಕ ಕೂತು ನಾನೂ ಗೋಡೆಯ ನುಣ್ಣನೆಯ ಗಿಲಾವನ್ನು ಸವರಿದೆ.

“ಎಂತ ಮಾರಾಯ, ಮನೆ ತಗೊಳ್ತೀಯಾ?”

“ಇಲ್ಲೋ. ನಮ್ಮ ಆಯಿ ಊರಿಗಿ ಹೋಗಲಿಲ್ಲ, ಇಲ್ಲೇ ಉಳದಾಳ.”

ಅವನಿಗೆ ತಿಳಿಯಲಿಲ್ಲ, ಸುಮ್ಮನೆ ನಕ್ಕ. ಮಗು ಗೋಡೆ ಬಿಡದೆ ಇನ್ನೊಂದು ಹೆಜ್ಜೆ ಇಟ್ಟಿತು.