ಹೇರಳೆಕಾಯಿ ಡಬ್ಬಿಯಲ್ಲಿ ಪೂಲಿನ ನೀರು

ಅತ್ತೆ ಮೈಸೂರಿಗೆ ಹೊರಡಲು ಇನ್ನು ಎಂಟೇ ದಿನ ಉಳಿದಿತ್ತು. ಅಮೆರಿಕಾದ ಕಮ್ಮಿಂಗ್ ಊರಿನ ನಮ್ಮ ಮನೆಗೆ ಅವರು ಬಂದದ್ದು ಅದು ಮೂರನೆಯ ಸಲ. ಹಿಂದಿನ ಎರಡು ಸಲವೂ ಚಳಿಗಾಲದಲ್ಲಿ ಬಂದು, ಚಳಿಗಾಲದಲ್ಲೇ ಹೋಗಿ, ಹಿತ್ತಲಿನ ಈಜುಕೊಳವನ್ನು ಹಸಿರು ಹೊದಿಕೆಯ ಸಮೇತ ಮಾತ್ರ ನೋಡಿದ್ದರು. ಈ ಸಲ ಬೆಳಗಿನ ವಾಕಿಂಗ್ ಗೆಳತಿಯರ ಮುಂದೆ, "ಮಗನ ಮನೆ ಪೂಲಲ್ಲಿ ಇಳಿದೇ ಬರ್ತೀನಿ" ಎಂದು ಹೇಳಿ ಬಂದಿದ್ದರು. ಮಂಡಿ ನೋವಿಗೆ ನೀರಿನಲ್ಲಿ ನಡೆದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದೂ ನಿಜ. ಆದರೆ ಅವರಿಗಿದ್ದ ಚಿಂತೆ ಮಂಡಿಯದಲ್ಲ, ಕೊಟ್ಟ ಮಾತಿನದು. ಮೊಣಕೈವರೆಗೆ ತೋಳು, ಪಾದದವರೆಗೆ ಕಾಲು ಇದ್ದ ನೀಲಿ ಈಜುಡುಗೆಯೊಂದು ಬೆಲೆಚೀಟಿಯ ಸಮೇತ ಅವರ ಸೂಟ್‌ಕೇಸಿನಲ್ಲಿ ಐದು ತಿಂಗಳಿಂದ ಕಾಯುತ್ತಿತ್ತು.

ಏಪ್ರಿಲ್‌ನ ಆ ಶನಿವಾರ ನಾನೂ ನಮ್ಮವರೂ ಸೇರಿ ಹೊದಿಕೆ ಎಳೆದೆವು. ಪೈನ್ ಮರಗಳ ಹಳದಿ ಪರಾಗ ನೀರಿನ ಮೇಲೆ ಅರಿಶಿನ ಚೆಲ್ಲಿದಂತೆ ಕೂತಿತ್ತು. ಎಲೆ ಬಾಚಿದ್ದಾಯಿತು, ಪಂಪು ಓಡಿಸಿದ್ದಾಯಿತು. ಉಳಿದದ್ದು ನೀರಿನ ಹದ. ನಮ್ಮವರು ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರುವವರು. ವರ್ಷಕ್ಕೊಮ್ಮೆ ಈ ಕೆಲಸ ಬಂದಾಗ ಮಾತ್ರ ವಿಜ್ಞಾನಿಯಾಗುತ್ತಾರೆ.

"ಸಿಂಪಲ್ ಕೆಮಿಸ್ಟ್ರಿ ಕಣಮ್ಮಾ. ಪಿಎಚ್ ಸರಿ ಮಾಡಿದ್ರೆ ನಾಳೆನೇ ಇಳೀಬಹುದು" ಎಂದು ಅತ್ತೆಗೆ ಹೇಳಿ, ನನ್ನ ಕಡೆ ತಿರುಗಿ, "ಒಂದು ಡಬ್ಬಿ ಕೊಡೇ. ಅಂಗಡೀಲಿ ನೀರು ಟೆಸ್ಟ್ ಮಾಡಿಸ್ಕೊಂಡು ಬರ್ತೀನಿ" ಎಂದರು. ಮನೆಯಲ್ಲಿದ್ದ, ನೀರಿಗೆ ಅದ್ದಿ ಬಣ್ಣ ನೋಡುವ ಪರೀಕ್ಷೆಯ ಪಟ್ಟಿಗಳ ಅವಧಿ ಮುಗಿದಿತ್ತು.

ಡಬ್ಬಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಮೊಸರಿನದು, ಐಸ್‌ಕ್ರೀಮಿನದು, ಯಾವುದನ್ನೂ ನಾನು ಎಸೆದವಳಲ್ಲ. ಹಿಂದಿನ ದಿನವಷ್ಟೇ ಖಾಲಿಯಾಗಿದ್ದ, ಅಗಲ ಬಾಯಿಯ, ಮುಚ್ಚಳ ಬಿಗಿಯಾದ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಸಿಕ್ಕಿತು. ಎರಡು ಸಲ ತೊಳೆದಿದ್ದೆ. ಅದನ್ನೇ ಕೊಟ್ಟೆ.

ನಮ್ಮವರು ಎರಡು ದೊಡ್ಡ ಬಕೆಟ್ ಬಿಳಿ ಪುಡಿಯೊಂದಿಗೆ ಮರಳಿದರು. ಸೋಡಾ ಆ್ಯಶ್ ಅಂತೆ, ನೀರಿನ ಹುಳಿ ಕಳೆಯುವುದಕ್ಕೆ. ಕೌಂಟರಿನ ಹೆಂಗಸು ಮೊದಲು "ನಿಮ್ಮದು ಉಪ್ಪುನೀರಿನ ಪೂಲಾ?" ಎಂದು ಕೇಳಿದಳಂತೆ. ಅಲ್ಲವೆಂದದ್ದಕ್ಕೆ ಕನ್ನಡಕ ಏರಿಸಿ ಕಂಪ್ಯೂಟರಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ, ಇಷ್ಟು ಹುಳಿಯಾದ ನೀರನ್ನು ತನ್ನ ಸರ್ವೀಸಿನಲ್ಲೇ ಕಂಡಿಲ್ಲ ಎಂದಳಂತೆ. ಇದನ್ನು ಇವರು ಬಹುಮಾನ ಬಂದವರ ಹಾಗೆ ಹೇಳಿದರು. ಸಂಜೆಯೊಳಗೆ ಎರಡೂ ಬಕೆಟ್ ಕೊಳಕ್ಕೆ ಸುರಿದರು.

ಭಾನುವಾರ ಬೆಳಿಗ್ಗೆ ಅತ್ತೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿದರು.

"ಏನೋ ಇದು, ಇಷ್ಟೊಂದು ಮಜ್ಜಿಗೆ ಯಾರಿಗೋ?"

ಕೊಳ ಹಾಲಿನಷ್ಟು ಬೆಳ್ಳಗಾಗಿತ್ತು. ಮೊದಲ ಮೆಟ್ಟಿಲೂ ಕಾಣಿಸುತ್ತಿರಲಿಲ್ಲ.

"ಸೆಟ್ಲ್ ಆಗತ್ತಮ್ಮ."

"ಯಾವಾಗ? ನಾನು ಮೈಸೂರಲ್ಲಿ ಸೆಟ್ಲ್ ಆದ್ಮೇಲಾ?"

ಸೋಮವಾರವೂ ಮಜ್ಜಿಗೆಯೇ. ತಳದಲ್ಲಿ ಒಂದು ದುಂಡನೆಯ ಜಾಲರಿಯಿದೆ. ಅದು ಮೇಲಿನಿಂದ ಸ್ಪಷ್ಟವಾಗಿ ಕಾಣುವ ತನಕ ಯಾರೂ ಇಳಿಯಕೂಡದು. ಈ ನಿಯಮ ಹೇಳಿಕೊಟ್ಟದ್ದಕ್ಕೆ ನಮ್ಮವರು ಪಶ್ಚಾತ್ತಾಪ ಪಟ್ಟರು. ಗಂಟೆಗೊಮ್ಮೆ ಅತ್ತೆ "ಕಾಣ್ತಿದೆ ಕಣೋ!" ಎಂದು ಕರೆಯುವರು. ಓಡಿ ಹೋಗಿ ನೋಡಿದರೆ ಏಣಿಯ ನೆರಳು.

ಮಂಗಳವಾರ ಅತ್ತೆ ಸಾಮಾನು ಕಟ್ಟಲು ಕೂತರು. "ನಾನು ಹೇರಳೆಕಾಯಿ ಉಪ್ಪಿನಕಾಯಿ ತಂದಿದ್ದ ಡಬ್ಬಿ ಎಲ್ಲಿಟ್ಟೆ? ವಾಪಸ್ ಬೇಕು ನಂಗೆ. ಅಂಥ ಮುಚ್ಚಳ ಈಗ ಸಿಗಲ್ಲ."

ಹುಡುಕಿದರೆ ಅದು ಕಾರಿನಲ್ಲಿತ್ತು. ಅತ್ತೆ ಮುಚ್ಚಳ ತೆಗೆದು ಮೂಸಿದರು.

"ಇದನ್ಯಾಕೆ ಕಾರಲ್ಲಿ ಇಟ್ಟಿದ್ರಿ?"

"ಪೂಲ್ ನೀರು ತಗೊಂಡು ಹೋಗಿದ್ರು ಅತ್ತೆ, ಟೆಸ್ಟಿಗೆ" ಎನ್ನುವಾಗಲೇ ನನ್ನ ದನಿ ಇಳಿಯಿತು. "ತೊಳೆದಿದ್ದೆ. ಎರಡು ಸಲ."

ಅತ್ತೆ ಮುಚ್ಚಳದೊಳಗಿನ ಬಳೆಯಂಥ ರಬ್ಬರನ್ನು ಉಗುರಿನಿಂದ ಎಬ್ಬಿಸಿದರು. ಅದರಡಿಯಲ್ಲಿ ಒಂದು ಸುತ್ತು ಕೆಂಪು ಮಸಾಲೆ ತೇವದ ಸಮೇತ ಕೂತಿತ್ತು.

"ಹಾಗಾದ್ರೆ ಆ ಅಂಗಡಿಯೋಳು ಟೆಸ್ಟ್ ಮಾಡಿದ್ದು ನನ್ನ ಉಪ್ಪಿನಕಾಯಿನ!"

ಉಪ್ಪು, ಹುಳಿ, ಎಲ್ಲ ಲೆಕ್ಕವೂ ಒಮ್ಮೆಲೇ ಸರಿಹೋಯಿತು. ನಮ್ಮ ನೀರಿಗೆ ಏನೂ ಆಗಿರಲಿಲ್ಲ. ನಾವು ಎರಡು ಬಕೆಟ್ ಸೋಡಾ ಹಾಕಿದ್ದು ಹೇರಳೆಕಾಯಿಗೆ. ಅತ್ತೆ ಇಳಿಯದೆ ಹೋದರೆ ತಪ್ಪು ನನ್ನದೆಂದು ನನಗೆ ಅಳು ಬರುವಂತಾಯಿತು. ಅತ್ತೆಯ ಮುಖದಲ್ಲಿ ಮಾತ್ರ ಬೇರೆಯೇ ಭಾವ.

"ಇಷ್ಟು ಹುಳಿ ನೋಡೇ ಇಲ್ಲ ಅಂದ್ಳಾ? ಈ ಸಲದ ಕಾಯಿ ಚೆನ್ನಾಗಿತ್ತು, ನಾನು ಆಗ್ಲೇ ಹೇಳಿದ್ದೆ." ಆಮೇಲೆ ಮಹಡಿಯ ಕಡೆ ಮುಖ ಮಾಡಿ, "ಬಾರೋ ಸಿಂಪಲ್ ಕೆಮಿಸ್ಟ್ರಿ, ಕೆಳಗೆ ಬಾ!" ಎಂದರು.

ನಮ್ಮವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದನ್ನು ಇವತ್ತಿಗೂ ಎತ್ತಿ ಆಡುತ್ತಾರೆ. ಹೊಸ ನೀರಿನ ಬಾಟಲಿಯ ಮುಚ್ಚಳ ತೆರೆದು, ಕುಡಿದು ಮುಗಿಸಿ, ಅದರಲ್ಲಿ ಕೊಳದ ನೀರು ತುಂಬಿ ಮತ್ತೆ ಅಂಗಡಿಗೆ ಹೋದರು. ಈ ಸಲ ಪಿಎಚ್ ಗಗನಕ್ಕೇರಿತ್ತು. ದಿನಕ್ಕಿಷ್ಟು ಎಂದು ಸ್ವಲ್ಪಸ್ವಲ್ಪವೇ ಆಸಿಡ್ ಹಾಕುವುದು, ಪಂಪು ನಿಲ್ಲಿಸದೆ ಓಡಿಸುವುದು, ಫಿಲ್ಟರ್ ತೊಳೆಯುವುದು. ಬುಧವಾರ ಮೊದಲ ಮೆಟ್ಟಿಲು ಕಂಡಿತು. ಗುರುವಾರ ಎರಡನೆಯದು. ಶನಿವಾರ ಸಂಜೆ ತಳದಲ್ಲಿ ಏನೋ ದುಂಡಗೆ ಮಸುಕಾಗಿ ಕಂಡಿತು. "ಅದೇ ಜಾಲರಿ" ಎಂದರು ಅತ್ತೆ. "ಸ್ಕ್ರೂ ಎಷ್ಟಿದೆ ಹೇಳಮ್ಮ" ಎಂದರು ಮಗ. ಅತ್ತೆ ಒಳಗೆ ಹೋದರು.

ಭಾನುವಾರ ಸಂಜೆ ವಿಮಾನ. ಬೆಳಿಗ್ಗೆ ಏಳಕ್ಕೆ ಕಿಟಕಿಯಿಂದ ನೋಡಿದರೆ ಅತ್ತೆ ಆಗಲೇ ನೀಲಿ ಉಡುಗೆ ತೊಟ್ಟು, ಮೇಲೊಂದು ಟವೆಲ್ ಹೊದ್ದು, ಕೊಳದ ಅಂಚಿನಲ್ಲಿ ನಿಂತಿದ್ದರು.

"ಎರಡು ಸ್ಕ್ರೂ! ಬಂದು ಎಣಿಸ್ಕೋ!"

ಎರಡೇ. ನಮ್ಮವರು ಹೊಸ ಪಟ್ಟಿ ಅದ್ದಿ, ಬಣ್ಣ ಹೋಲಿಸಿ, ತಲೆಯಾಡಿಸಿದರು. ಅತ್ತೆ ಕಂಬಿ ಹಿಡಿದು ಒಂದು ಕಾಲಿಟ್ಟರು.

"ಅಯ್ಯಯ್ಯೋ! ಫ್ರಿಜ್ಜು ಕಣೋ ಇದು!"

"ಬೇಡ ಬಿಡಮ್ಮ, ಮೇಲೆ ಬಾ."

"ಸುಮ್ನಿರು. ಉಪ್ಪಿನಕಾಯಿ ದೆಸೆಯಿಂದ ಒಂದು ವಾರ ಕಾದಿದ್ದೀನಿ."

ಜೊತೆಗೆ ಇಳಿದ ನನ್ನ ಕೈ ಹಿಡಿದು, ಸೊಂಟದ ಮಟ್ಟದ ನೀರಿನಲ್ಲಿ, ಹಲ್ಲು ಕಟಕಟ ಎನ್ನಿಸುತ್ತ, ಈ ಗೋಡೆಯಿಂದ ಆ ಗೋಡೆಗೆ ಮೂರು ಸಲ ನಡೆದರು. ನಮ್ಮವರು ಫೋನು ಎತ್ತಿದ್ದೇ ತಡ, "ಈ ವೇಷದಲ್ಲಿ ಫೋಟೋ ತೆಗೆದ್ರೆ ನೋಡು!" ಎಂದು ಗದರಿದರು.

ಮೇಲೆ ಬಂದು ಬಿಸಿ ಕಾಫಿ ಕುಡಿಯುವಾಗ ಅವರಿಗೆ ಹೊಳೆಯಿತು: ಫೋಟೋ ಇಲ್ಲದೆ ಗೆಳತಿಯರು ನಂಬುವುದು ಹೇಗೆ? ನಾನು ಈಜುಡುಗೆಯನ್ನು ಒಗೆಯಲು ಒಯ್ಯುತ್ತಿದ್ದೆ. ಕೈಯಿಂದ ಕಿತ್ತುಕೊಂಡರು. "ಒಗೀಬೇಡ. ಕ್ಲೋರಿನ್ ವಾಸನೆ ಹಾಗೇ ಇರ್ಲಿ, ಅದೇ ಸಾಕ್ಷಿ." ಹಿಂಡಿ, ಸುತ್ತಿ, ವಾಸನೆ ಹೋಗದಂತೆ ಗಟ್ಟಿ ಮುಚ್ಚಳದ ಡಬ್ಬಿಯೊಂದಕ್ಕೆ ತುರುಕಿದರು. ಯಾವ ಡಬ್ಬಿ ಎಂದು ಆ ಗಡಿಬಿಡಿಯಲ್ಲಿ ನಾನು ನೋಡಲಿಲ್ಲ.

ಮೂರು ದಿನದ ಮೇಲೆ ಮೈಸೂರಿನಿಂದ ಫೋನು ಬಂತು. ಪಾರ್ಕಿನ ಬೆಂಚಿನ ಮೇಲೆ ಎಲ್ಲರ ಮುಂದೆ ಡಬ್ಬಿ ತೆರೆದರಂತೆ. ಒಬ್ಬೊಬ್ಬರೇ ಬಗ್ಗಿ ಮೂಸಿದರಂತೆ. "ಹೇರಳೆಕಾಯಿ ವಾಸನೆ ಬರ್ತಿದೆಯಲ್ರೀ?" ಎಂದರಂತೆ.

"ನೀವೇನಂದ್ರಿ ಅತ್ತೆ?"

"ಅಮೆರಿಕಾದಲ್ಲಿ ಪೂಲ್ ನೀರು ಹಂಗೇ ಇರತ್ತೆ ಅಂದೆ. ಬೇಕಾದ್ರೆ ಅಲ್ಲಿನ ಅಂಗಡಿಯೋರ್ನೇ ಕೇಳಿ, ಕಂಪ್ಯೂಟರಲ್ಲೇ ಬಂದಿದೆ ಅಂದೆ."